ಫೈಲ್ ಯಾಕೆ ಆಗಲಿಲ್ಲ ಅಂತ ಸಾಫ್ಟ್‌ವೇರ್ ಹೇಳಲೇಬೇಕು

ಚಿಕ್ಕಮಗಳೂರು ಸುತ್ತಮುತ್ತ ಕಾಫಿ ವ್ಯಾಪಾರದ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಸರ್ವಿಸ್ ಕೊಡೋದು ನನ್ನ ಕೆಲಸ. ಜಾಸ್ತಿ ಬರುವ ಫೋನ್ ಒಂದೇ. ‘ಸರ್, ಬಿಲ್ ಪಿಡಿಎಫ್ ಆಗ್ತಿಲ್ಲ. ಫೈಲ್ ರಚಿಸಲು ಆಗಲಿಲ್ಲ, ಅಡ್ಮಿನ್ ಅವರನ್ನು ಸಂಪರ್ಕಿಸಿ ಅಂತ ಬರ್ತಿದೆ.’ ಎಷ್ಟೋ ಅಂಗಡಿಗಳಲ್ಲಿ ಅಡ್ಮಿನ್, ಅಂದರೆ ಕಂಪ್ಯೂಟರ್ ನೋಡಿಕೊಳ್ಳುವವರು, ಅಂತ ಯಾರೂ ಇರೋದೇ ಇಲ್ಲ.

ನನಗೆ ಸಿಟ್ಟು ಬರೋದು ಈ ಮೆಸೇಜ್ ಮೇಲೆ. ಫೈಲ್ ಆಗದಿದ್ದರೆ ವಿಂಡೋಸ್ ಸಾಫ್ಟ್‌ವೇರ್‌ಗೆ ಒಂದು ನಂಬರ್ ಕೊಡುತ್ತದೆ. 3 ಬಂದರೆ ಫೋಲ್ಡರ್ ಸಿಗಲಿಲ್ಲ. 5 ಬಂದರೆ ಅನುಮತಿ ಇಲ್ಲ. 32 ಬಂದರೆ ಆ ಫೈಲನ್ನು ಇನ್ಯಾರೋ ತೆರೆದಿಟ್ಟಿದ್ದಾರೆ. 112 ಅಂದರೆ ಡಿಸ್ಕ್ ತುಂಬಿದೆ. ಇಷ್ಟು ಗೊತ್ತಿದ್ದೂ ಸಾಫ್ಟ್‌ವೇರ್ ಅದನ್ನು ನುಂಗಿಕೊಂಡು ‘ಆಗಲಿಲ್ಲ’ ಅಂತ ಮಾತ್ರ ಹೇಳುತ್ತದೆ.

ಒಂದು ಅಂಗಡಿಯಲ್ಲಿ ಮಾರ್ಚ್ 31ರವರೆಗೂ ಬಿಲ್ ಸರಿಯಾಗಿ ಆಗುತ್ತಿತ್ತು. ಏಪ್ರಿಲ್ 1ಕ್ಕೆ ಒಂದೂ ಆಗಲಿಲ್ಲ. ಆಲ್ದೂರು ಕಡೆಯ ಬೆಳೆಗಾರರೊಬ್ಬರು ಮೂಟೆ ಇಳಿಸಿ, ತೂಕ ಹಾಕಿಸಿ, ದುಡ್ಡಿಗೆ ಕಾಯುತ್ತಿದ್ದರು. ‘ಬಿಲ್ ಇಲ್ದೆ ದುಡ್ಡು ಕೊಡಕ್ಕಾಗಲ್ಲ ಅಣ್ಣ’ ಅಂತ ಕೌಂಟರ್ ಹುಡುಗಿ ಸಂಕೋಚದಿಂದ ಹೇಳುತ್ತಿದ್ದಳು. ಸಾಫ್ಟ್‌ವೇರ್‌ನವರು ಫೋನಲ್ಲೇ ‘ಸಿಸ್ಟಮ್ ಫಾರ್ಮ್ಯಾಟ್ ಮಾಡಿಸಿ’ ಅಂದಿದ್ದರು. ಅಸಲಿ ಕಾರಣ ಬಿಲ್ ನಂಬರ್. ಹೊಸ ಹಣಕಾಸು ವರ್ಷಕ್ಕೆ ಅದನ್ನು ‘ಸಿಎಫ್/25-26/1’ ಅಂತ ಬದಲಿಸಿದ್ದರು. ಜಿಎಸ್‌ಟಿ ನಿಯಮದಲ್ಲಿ ಇದು ತಪ್ಪಲ್ಲ. ಬಿಲ್ ನಂಬರ್ 16 ಅಕ್ಷರದೊಳಗೆ ಇರಬೇಕು, ಡ್ಯಾಶ್ ಮತ್ತು ಸ್ಲ್ಯಾಶ್ ಬಳಸಬಹುದು. ಆದರೆ ಸಾಫ್ಟ್‌ವೇರ್ ಅದೇ ನಂಬರನ್ನು ಫೈಲ್ ಹೆಸರಾಗಿಯೂ ಬಳಸುತ್ತಿತ್ತು. ವಿಂಡೋಸ್‌ಗೆ ಸ್ಲ್ಯಾಶ್ ಕಂಡರೆ ಫೋಲ್ಡರ್ ಅಂತ ಲೆಕ್ಕ. ‘ಸಿಎಫ್’ ಅನ್ನೋ ಫೋಲ್ಡರ್ ಹುಡುಕಿತು, ಇರಲಿಲ್ಲ, 3 ಅಂತ ಕೊಟ್ಟಿತು. ಬಿಲ್ ಮೇಲೆ ಸ್ಲ್ಯಾಶ್ ಉಳಿಸಿಕೊಂಡು ಫೈಲ್ ಹೆಸರಲ್ಲಿ ಮಾತ್ರ ಡ್ಯಾಶ್ ಹಾಕಿಸಿದೆವು. ಅಲ್ಲಿಗೆ ಮುಗಿಯಿತು. ಆ 3 ಮೊದಲೇ ಕಂಡಿದ್ದರೆ ಬೆಳೆಗಾರರು ಅಷ್ಟು ಹೊತ್ತು ಕಾಯಬೇಕಿತ್ತಾ?

ಇನ್ನೊಂದು, ಫೈಲ್ ಮಾಡುವುದು ಯಾವ ಕಂಪ್ಯೂಟರ್ ಅನ್ನೋದನ್ನು ಯಾರೂ ಕೇಳೋದೇ ಇಲ್ಲ. ಬಟನ್ ಒತ್ತುವುದು ಕೌಂಟರ್‌ನಲ್ಲಿ, ಆದರೆ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಪಿಡಿಎಫ್ ಮಾಡುವುದು ಒಳಗಿನ ಕೋಣೆಯ ಸರ್ವರ್. ಸರ್ವರ್‌ನ ಫೋಲ್ಡರ್‌ಗೆ ಕೌಂಟರ್‌ನಲ್ಲಿ ಇಟ್ಟುಕೊಂಡ ಅಡ್ಡಹೆಸರು ಝಡ್ ಡ್ರೈವ್. ಅದು ಅಲ್ಲಿ ಕಾಣುತ್ತದೆ ಅಂತ ಅದನ್ನೇ ಸೆಟ್ಟಿಂಗ್‌ನಲ್ಲಿ ಹಾಕಿರುತ್ತಾರೆ. ಆ ಡ್ರೈವ್ ಲಾಗಿನ್ ಆದ ಬಳಕೆದಾರರಿಗೆ ಮಾತ್ರ ಸೇರಿದ್ದು. ಸರ್ವರ್‌ನಲ್ಲಿ ತೆರೆಯ ಹಿಂದೆ ತಾನಾಗಿ ಓಡುವ ಪ್ರೋಗ್ರಾಂಗೆ, ಅಂದರೆ ಸರ್ವಿಸ್‌ಗೆ, ಅದು ಕಾಣುವುದಿಲ್ಲ. ಅಲ್ಲಿ ಸರ್ವರ್ ಹೆಸರಿನಿಂದ ಶುರುವಾಗುವ ಪೂರ್ತಿ ನೆಟ್‌ವರ್ಕ್ ವಿಳಾಸ ಕೊಡಬೇಕು. ಸರ್ವಿಸ್ ಯಾವ ಅಕೌಂಟ್‌ನಲ್ಲಿ ಓಡುತ್ತಿದೆಯೋ ಅದಕ್ಕೆ ಬರೆಯುವ ಅನುಮತಿ ಕೊಡಬೇಕು. ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ಶೇರ್ ಸೆಟ್ಟಿಂಗ್‌ನಲ್ಲೂ ಬೇಕು, ಫೋಲ್ಡರ್‌ನಲ್ಲೂ ಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ.

ಇದನ್ನೆಲ್ಲ ನೋಡದೆ ‘ಎವ್ರಿವನ್, ಫುಲ್ ಕಂಟ್ರೋಲ್’, ಅಂದರೆ ಎಲ್ಲರಿಗೂ ಪೂರ್ತಿ ಅನುಮತಿ, ಕೊಟ್ಟು ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಒಂದು ಕೌಂಟರ್‌ಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಹೊಕ್ಕರೆ ಆ ಫೋಲ್ಡರ್‌ನಲ್ಲಿರುವ ವರ್ಷಗಳ ಬಿಲ್ಲುಗಳೆಲ್ಲ ಹೋಗುತ್ತವೆ.

ಮಿಕ್ಕವು ಸಣ್ಣವು. ಹಳೆಯ ಪಿಡಿಎಫ್ ತೆರೆದೇ ಇರುತ್ತದೆ, ತಾತ್ಕಾಲಿಕ ಫೈಲ್‌ಗಳ ಟೆಂಪ್ ಫೋಲ್ಡರ್ ಇರುವ ಡ್ರೈವ್ ತುಂಬಿರುತ್ತದೆ, ಇಲ್ಲವೇ ಫೋಲ್ಡರ್ ಒಳಗೆ ಫೋಲ್ಡರ್ ಸೇರಿ ವಿಳಾಸ 260 ಅಕ್ಷರ ದಾಟಿರುತ್ತದೆ. ಏನೂ ತಿಳಿಯದಿದ್ದರೆ ಮೈಕ್ರೋಸಾಫ್ಟ್‌ನದೇ ಪ್ರೊಸೆಸ್ ಮಾನಿಟರ್ ಅನ್ನೋ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಫೈಲ್ ಮಾಡುವ ಕಂಪ್ಯೂಟರ್‌ನಲ್ಲೇ ಅದನ್ನು ಓಡಿಸಿ. ಯಾವ ಫೈಲ್ ಹತ್ತಿರ ಎಡವಿತು ಅಂತ ಸಾಲು ಸಮೇತ ತೋರಿಸುತ್ತದೆ.

ಅಂಗಡಿಯವರು ಮೊದಲು ನೋಡಬೇಕಾದ್ದು ಇಷ್ಟೇ. ಎಲ್ಲ ಕೌಂಟರ್‌ನಲ್ಲೂ ಹೀಗಾದರೆ ಸರ್ವರ್ ಕಡೆ ಹುಡುಕಿಸಿ, ಒಂದರಲ್ಲೇ ಆದರೆ ಆ ಕಂಪ್ಯೂಟರ್ ನೋಡಿಸಿ. ಮುಂದಿನ ಸಲ ಎಎಂಸಿ (ವಾರ್ಷಿಕ ನಿರ್ವಹಣೆ) ದುಡ್ಡು ಕಟ್ಟುವಾಗ ಸಾಫ್ಟ್‌ವೇರ್‌ನವರನ್ನು ಗಟ್ಟಿಯಾಗಿ ಕೇಳಿ: ಯಾವ ಕಂಪ್ಯೂಟರ್, ಯಾವ ಅಕೌಂಟ್, ಪೂರ್ತಿ ವಿಳಾಸ, ವಿಂಡೋಸ್ ಕೊಟ್ಟ ನಂಬರ್, ಈ ನಾಲ್ಕೂ ಎರರ್ ಮೆಸೇಜ್‌ನಲ್ಲೇ ಬರಬೇಕು, ಅದೂ ಕನ್ನಡದಲ್ಲಿ.