ಕ್ರಾಪ್ ಕ್ಯಾಮೆರಾಗೆ 16-35 ಬೇಡ

"ಮುಂದೆ ಹೇಗಿದ್ರೂ ಫುಲ್ ಫ್ರೇಮ್ ತಗೊಳ್ತೀನಿ, ಈಗಲೇ 16-35 ತಗೊಂಡುಬಿಡ್ಲಾ ಅಣ್ಣ?" ಕ್ರಾಪ್ ಕ್ಯಾಮೆರಾ ಇರುವ ನಮ್ಮ ಚಿಕ್ಕಬಳ್ಳಾಪುರದ ಹುಡುಗರು ಇದನ್ನೇ ಕೇಳುತ್ತಾರೆ. ಫುಲ್ ಫ್ರೇಮ್ ಅಂದರೆ ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾ, ಕ್ರಾಪ್ ಅಂದರೆ ಅದು ಚಿಕ್ಕದಿರುವುದು. 16-35 ಅಂದರೆ 16ರಿಂದ 35 ಎಂಎಂವರೆಗಿನ ವೈಡ್ ಲೆನ್ಸ್, ಅಂದರೆ ಹೆಚ್ಚು ಅಗಲದ ನೋಟ ಹಿಡಿಯುವುದು. ಬೇಡ ಕಣ್ರಪ್ಪಾ. ಈಗ ಕೈಯಲ್ಲಿರುವ ಕ್ಯಾಮೆರಾಗೆ ಯಾವುದು ವೈಡ್ ಆಗುತ್ತದೋ ಅದನ್ನು ತಗೊಳ್ಳಿ.

ಎಂಎಂ ಕಮ್ಮಿಯಾದಷ್ಟೂ ಹೆಚ್ಚು ಅಗಲ ಕಾಣುತ್ತದೆ. ಆದರೆ ಲೆನ್ಸ್ ಮೇಲಿನ ಎಂಎಂ ಒಂದನ್ನೇ ನೋಡಿದರೆ ಸಾಲದು, ಸೆನ್ಸರ್ ಅಗಲವನ್ನೂ ನೋಡಬೇಕು. ಫುಲ್ ಫ್ರೇಮ್‌ನಲ್ಲಿ 16 ಎಂಎಂ ಲೆನ್ಸಿಗೆ ಅಡ್ಡಕ್ಕೆ ಸುಮಾರು 97 ಡಿಗ್ರಿ ಕಾಣುತ್ತದೆ. ಅದನ್ನೇ ನಿಕಾನ್ ಅಥವಾ ಸೋನಿ ಕ್ರಾಪ್ ಕ್ಯಾಮೆರಾಗೆ ಹಾಕಿ, ಸುಮಾರು 73ಕ್ಕೆ ಇಳಿಯುತ್ತದೆ. ಅಂದರೆ ಫುಲ್ ಫ್ರೇಮಿನ 24 ಎಂಎಂ ಇದ್ದಂತೆ. ಕ್ಯಾಮೆರಾ ಜೊತೆಗೇ ಬಂದ ನಿಮ್ಮ ಕಿಟ್ ಲೆನ್ಸಿನ 18 ಎಂಎಂ ಈಗಾಗಲೇ 27ರಷ್ಟು ಕೊಡುತ್ತಿದೆ. ಇಷ್ಟು ವ್ಯತ್ಯಾಸಕ್ಕೆ ಅಷ್ಟೊಂದು ದುಡ್ಡು, ಅಷ್ಟು ಭಾರ ಯಾಕೆ?

ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣ ಮಂಟಪದ ಮುಂದೆ ನಿಂತರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎಂಥಾ ಕೆಲಸ ಅದು! ಕಪ್ಪು ಕಲ್ಲಿನ ಕಂಬಗಳ ಮೇಲೆ ಒಂದಿಂಚೂ ಖಾಲಿ ಬಿಟ್ಟಿಲ್ಲ. ಮಂಟಪ ಪೂರ್ತಿ ಬರಲಿ ಅಂತ 18 ಎಂಎಂನಲ್ಲಿ ಹಿಂದೆ ಹಿಂದೆ ಸರಿದರೆ ಬೆನ್ನಿಗೆ ಇನ್ನೊಂದು ಕಂಬ ತಾಗುತ್ತದೆ. ಅಲ್ಲಿ 10 ಎಂಎಂ ಬೇಕೇ ಬೇಕು. ಒಂದು ವಿಷಯ ನೆನಪಿಡಿ. ಕ್ಯಾಮೆರಾದ ಮುಖ ಮೇಲಕ್ಕೆ ಎತ್ತಿದರೆ ಕಂಬಗಳೆಲ್ಲ ಒಳಕ್ಕೆ ವಾಲುತ್ತವೆ. ಮಟ್ಟವಾಗಿ ಹಿಡಿದು, ಕೆಳಗೆ ಬರುವ ಹೆಚ್ಚುವರಿ ನೆಲವನ್ನು ಆಮೇಲೆ ಕತ್ತರಿಸಿ.

ಒಳಗೆ ಬೆಳಕು ಕಮ್ಮಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬೇಕೆಂದರೆ ಮೊದಲೇ ಅನುಮತಿ ಪಡೆಯಬೇಕು. ಹಾಗಾಗಿ ಕೈ ನಡುಕ ತಡೆಯುವ ಸೌಲಭ್ಯ ಇರುವುದನ್ನೇ ನೋಡಿ. ಕ್ಯಾನನ್ ಕ್ರಾಪ್‌ಗೆ 10-18, ನಿಕಾನ್‌ಗೆ ಎಎಫ್-ಪಿ 10-20. ಎರಡರಲ್ಲೂ ಅದಿದೆ, ಎರಡೂ ಕಾಲು ಕೆಜಿಗಿಂತ ಹಗುರ. ಆದರೆ ಎಎಫ್-ಪಿ ಲೆನ್ಸು ಡಿ90, ಡಿ7000ದಂಥ ಹಳೇ ನಿಕಾನ್ ಕ್ಯಾಮೆರಾಗಳಲ್ಲಿ ಫೋಕಸ್ಸೇ ಆಗುವುದಿಲ್ಲ. ಮೈಕ್ರೋ ಫೋರ್ ಥರ್ಡ್ಸ್ (ಸೆನ್ಸರ್ ಇನ್ನೂ ಚಿಕ್ಕದಿರುವ ಕ್ಯಾಮೆರಾ) ಇರುವವರು ಲೆನ್ಸಿನ ಎಂಎಂ ಅನ್ನು ಎರಡರಿಂದ ಗುಣಿಸಿ. 7-14 ಲೆನ್ಸು ಫುಲ್ ಫ್ರೇಮಿನ 14-28ರಂತೆ ಕೆಲಸ ಮಾಡುತ್ತದೆ.

ರಾತ್ರಿ ನಕ್ಷತ್ರ ತೆಗೆಯುವವರಿಗೆ ಮಾತ್ರ ಎಫ್2.8, ಅಂದರೆ ಹೆಚ್ಚು ಬೆಳಕು ಒಳಗೆ ಬಿಡುವ ಲೆನ್ಸ್, ಬೇಕು ಅಂತೀನಿ. ಟೋಕಿನಾ 11-16 ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಒಳ್ಳೆಯದೇ. ಮದುವೆ ಗ್ರೂಪ್ ಫೋಟೋಗೆ ಇವ್ಯಾವೂ ಬೇಡ. ಅಂಚಿನಲ್ಲಿ ನಿಂತವರ ಮುಖ, ತೋಳು ಎಳೆದಂತಾಗುತ್ತವೆ. ಅವರು ಆ ಫೋಟೋವನ್ನು ಜೀವನಪೂರ್ತಿ ಇಟ್ಟುಕೊಳ್ಳುವವರು, ಪಾಪ ಅಲ್ವಾ?

ಹಳೇ ಲೆನ್ಸ್ ಕೊಳ್ಳುವಾಗ ನಿಮ್ಮ ಕ್ಯಾಮೆರಾವನ್ನೂ ಜೊತೆಗೆ ಒಯ್ಯಿರಿ. ಇಟ್ಟಿಗೆ ಗೋಡೆಗೆ ನೇರವಾಗಿ ನಿಂತು ಒಂದು ಫೋಟೋ ತೆಗೆಯಿರಿ. ದೊಡ್ಡದು ಮಾಡಿ ನಾಲ್ಕು ಮೂಲೆಯನ್ನೂ ನೋಡಿ. ಎಲ್ಲಾ ಮೂಲೆ ಸ್ವಲ್ಪ ಮಸುಕಾಗಿದ್ದರೆ ಚಿಂತೆಯಿಲ್ಲ. ಒಂದು ಕಡೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಜರುಗಿರಬಹುದು. ಎಷ್ಟೇ ಕಡಿಮೆಗೆ ಕೊಟ್ಟರೂ ಅದನ್ನು ವಾಪಸ್ ಕೊಟ್ಟು ಬನ್ನಿ.