ಡ್ರೈವ್ ಸಿಕ್ಕಿತು, ಗುಂಡಿ ಕೂರಲಿಲ್ಲ
ಮಾವ ದುಬೈನಿಂದ ತಂದುಕೊಟ್ಟಿದ್ದ ಅಮಿಗಾ 500 ಅನ್ನೋ ಹಳೇ ಕಂಪ್ಯೂಟರ್ ಇಷ್ಟು ವರ್ಷ ಅಟ್ಟದಲ್ಲಿತ್ತು. ಇಳಿಸಿ ಕರೆಂಟ್ ಕೊಟ್ಟರೆ ಪರದೆ ಬಂತು, ಡಿಸ್ಕ್ ಓದೋ ಫ್ಲಾಪಿ ಡ್ರೈವ್ ಮಾತ್ರ ಉಸಿರೆತ್ತಲಿಲ್ಲ. ಹಾಸನದ ಬಿ.ಎಂ. ರಸ್ತೆಯಲ್ಲಿ ಕೇಳದ ಅಂಗಡಿಯಿಲ್ಲ. ‘ಪೆನ್‌ಡ್ರೈವ್ ಹಾಕ್ಕೊಳಿ ಸಾರ್’ ಅಂತಾರೆ. 1987ರ ಯಂತ್ರಕ್ಕೆ ಯುಎಸ್‌ಬಿ ಎಲ್ಲಿಂದ ಬರಬೇಕು?

ಕೊನೆಗೆ ಗುಜರಿಯಲ್ಲಿ ಹಳೇ ಪಿಸಿಯ ಮೂರೂವರೆ ಇಂಚಿನ ಡ್ರೈವ್ ಸಿಕ್ಕಿತು. ಅದೇ ಅಗಲ, ಅದೇ 34 ಪಿನ್ನಿನ ಕೇಬಲ್. ಆದರೂ ಓದಲ್ಲ! ಪಿಸಿಯ ಡ್ರೈವ್ ‘1’ ಅಂತ ಕರೆದರೆ ಓಗೊಡುತ್ತೆ, ಅಮಿಗಾ ಕರೆಯೋದು ‘0’ ಅಂತ. ಡಿಸ್ಕ್ ಬದಲಾಯಿಸಿದ ಸುದ್ದಿ ಪಿಸಿಯಲ್ಲಿ 34ನೇ ಪಿನ್ನಿಗೆ, ಇಲ್ಲಿ 2ನೇ ಪಿನ್ನಿಗೆ. ಹಿಂದಿನ ಡ್ರೈವ್‌ಗಳಲ್ಲಿ ಇದನ್ನ ಬದಲಿಸೋಕೆ ಜಂಪರ್ ಅನ್ನೋ ಪುಟ್ಟ ಕ್ಲಿಪ್ಪು ಇರುತ್ತಿತ್ತು, ಕಿತ್ತು ಪಕ್ಕಕ್ಕೆ ಹಾಕಿದರೆ ಮುಗೀತು. ಇದರಲ್ಲಿ ಅದೂ ಇಲ್ಲ. ಭೂತಗನ್ನಡಿ ಹಿಡಿದು, ಸಾಸಿವೆಕಾಳಿನಷ್ಟು ಬೆಸುಗೆ ಬಿಡಿಸಿ, ಎರಡು ರಾತ್ರಿ ಕೂತೆ.

ಈಗ ಓದುತ್ತೆ. ಆದರೆ ಡಿಸ್ಕ್ ಹೊರಗೆ ತೆಗೆಯೋ ಗುಂಡಿ ಅಮಿಗಾದ ಡಬ್ಬದ ತೂತಿಗೆ ಸರಿಯಾಗಿ ಕೂರಲ್ಲ, ಒತ್ತಿದರೆ ಪ್ಲಾಸ್ಟಿಕ್ಕಿಗೆ ಸಿಕ್ಕಿಕೊಳ್ಳುತ್ತೆ. ಡಬ್ಬ ಕೊರೆಯೋಕೆ ಕೈ ಬರುತ್ತಿಲ್ಲ. ಮುಚ್ಚಳ ತೆಗೆದೇ ಇಟ್ಟಿದ್ದೇನೆ. ಆ 880 ಕಿಲೋಬೈಟ್ ಡಿಸ್ಕಿನಲ್ಲಿ ಎಂಟನೇ ಕ್ಲಾಸಿನಲ್ಲಿ ನಾನು ಬರೆದ ಅಮ್ಮನ ಚಿತ್ರವಿದೆ.