ಮನೋವೈದ್ಯರನ್ನು ಬಾಗಿಲು ಕಾಯೋಕೆ ನಿಲ್ಲಿಸಬೇಡಿ

ಇಂಗ್ಲೆಂಡಿನಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿ ಮನೋವೈದ್ಯರ ಕೋಣೆಗೆ ಸಾಮಾನ್ಯವಾಗಿ ಒಬ್ಬರೇ ಬರುತ್ತಾರೆ. ನಮ್ಮಲ್ಲಿ ಮೊದಲು ಅಪ್ಪ ಬರುತ್ತಾರೆ, ಆಮೇಲೆ ಮಾವ, ಅವರ ಹಿಂದೆ ತಲೆ ತಗ್ಗಿಸಿಕೊಂಡು ಪೇಷಂಟ್. ನಾನು ಎರಡೂ ಕಡೆ ಆಸ್ಪತ್ರೆಗಳಲ್ಲಿ ಸಂಶೋಧನೆಯ ಕೆಲಸ ಮಾಡಿದವನು. ಡಾಕ್ಟರಲ್ಲ. ಒಪ್ಪಿಗೆ ಪತ್ರ ಓದಿ ಹೇಳೋದು, ಪ್ರಶ್ನಾವಳಿ ತುಂಬಿಸೋದು, ಅಂಕಿಗಳನ್ನು ಕಂಪ್ಯೂಟರಿಗೆ ಹಾಕೋದು ನನ್ನ ಕೆಲಸ. ಅಲ್ಲಿ ಕೂತು ನೋಡಿದರೆ ಎರಡು ದೇಶಗಳೂ ಒಂದೇ ತಪ್ಪು ಮಾಡುತ್ತಿವೆ ಅನ್ನಿಸುತ್ತದೆ. ಮನಸ್ಸಿನ ನೋವು ಕೇಳಬೇಕಾದ ಡಾಕ್ಟರಿಗೆ ‘ನೀನು ಹೇಳ್ತಿರೋದು ನಿಜಾನಾ’ ಅಂತ ಪರೀಕ್ಷೆ ಮಾಡುವ ಕೆಲಸ ಕಟ್ಟಿದ್ದೇವೆ.

ಪುಸ್ತಕದ ಪ್ರಕಾರ ಈ ವಿಷಯ ಎಂದೋ ಇತ್ಯರ್ಥ ಆಗಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ, ಅಂದರೆ ಐಸಿಡಿ-11, 2019ರಲ್ಲಿ ಒಪ್ಪಿಗೆ ಪಡೆದು 2022ರ ಜನವರಿಯಲ್ಲಿ ಜಾರಿಗೆ ಬಂತು. ಟ್ರಾನ್ಸ್‌ಜೆಂಡರ್ ಆಗಿರುವುದನ್ನು ಅದು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿತು. ಪಟ್ಟಿಯಿಂದಲೇ ಯಾಕೆ ತೆಗೆಯಲಿಲ್ಲ ಅಂದರೆ, ಒಂದು ಕೋಡ್ ಇಲ್ಲದೆ ಹೋದರೆ ದೇಹವನ್ನು ಲಿಂಗತ್ವಕ್ಕೆ ಹೊಂದಿಸುವ ಹಾರ್ಮೋನಿಗೂ ಆಪರೇಷನ್ನಿಗೂ ದುಡ್ಡು ಕೊಡುವವರು ಸಿಗುವುದಿಲ್ಲ. ಈ ಬದಲಾವಣೆಯ ಹಿಂದೆ ಇದ್ದ ಅಧ್ಯಯನಗಳಲ್ಲಿ ಒಂದು ಮೆಕ್ಸಿಕೋ ನಗರದ್ದು, 2016ರಲ್ಲಿ ಪ್ರಕಟವಾಯಿತು. 250 ಟ್ರಾನ್ಸ್‌ಜೆಂಡರ್ ಜನರ ಜೊತೆ ಮಾತಾಡಿ ಸಂಶೋಧಕರು ಕಂಡುಕೊಂಡದ್ದು ಇಷ್ಟು: ಈ ಜನರ ಸಂಕಟಕ್ಕೆ ಅವರ ಲಿಂಗತ್ವಕ್ಕಿಂತ, ಸುತ್ತಲಿನವರು ದೂರ ತಳ್ಳಿದ್ದು, ಹೊಡೆದದ್ದು ಜಾಸ್ತಿ ಕಾರಣ. ಕೇಳಿದರೆ ‘ಇದಕ್ಕೆ ಸಂಶೋಧನೆ ಬೇಕಿತ್ತಾ’ ಅನ್ನಿಸಬಹುದು. ಬೇಕಿತ್ತು. ಮನೋವೈದ್ಯಶಾಸ್ತ್ರ ಬಹಳ ಕಾಲ ಇದನ್ನು ತಿರುಗಾಮುರುಗಾ ಹೇಳಿಕೊಂಡು ಬಂದಿತ್ತು.

ಈಗ ಕೋಣೆಯ ಒಳಗೆ ಬನ್ನಿ. ಪಿಎಚ್‌ಕ್ಯೂ-9 ಅಂತ ಒಂದು ಪ್ರಶ್ನಾವಳಿ ಇದೆ. ಖಿನ್ನತೆ ಅಳೆಯೋಕೆ ಎರಡೂ ಕಡೆ ಇದನ್ನೇ ಬಳಸುತ್ತಾರೆ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಲೆಕ್ಕ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಆರನೇ ಪ್ರಶ್ನೆ ನಿಮ್ಮ ಬಗ್ಗೆ ನಿಮಗೇ ಬೇಸರ ಬಂದಿದೆಯಾ, ನನ್ನಿಂದ ಮನೆಯವರಿಗೆ ನಿರಾಸೆ ಆಯ್ತು ಅನ್ನಿಸಿದೆಯಾ ಅಂತ ಕೇಳುತ್ತದೆ. ಅಪ್ಪ ಪಕ್ಕದಲ್ಲೇ ಕೂತಿರುವಾಗ ಇದನ್ನು ಒಬ್ಬ ಟ್ರಾನ್ಸ್ ಹುಡುಗಿಗೆ, ಅಂದರೆ ಹುಟ್ಟಿದಾಗ ಗಂಡು ಅಂತ ಬರೆಸಿದ್ದವಳಿಗೆ, ಕೇಳಿ ನೋಡಿ. ಉತ್ತರ ಅಪ್ಪನಿಂದ ಬರುತ್ತದೆ. ‘ಮನೇಲಿ ಎಲ್ಲರಿಗೂ ಬೇಜಾರೇ ಸಾರ್, ನೀವೇ ಸ್ವಲ್ಪ ಬುದ್ಧಿ ಹೇಳಿ.’ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ ಅವಳು ನೆಲ ನೋಡಿಕೊಂಡು ಇಲ್ಲ ಅನ್ನುತ್ತಾಳೆ. ಅವರೆದುರು ಇನ್ನೇನು ಹೇಳಿಯಾಳು? ಸೊನ್ನೆ ಅಂತ ಬರೆದುಕೊಳ್ಳುತ್ತೇವೆ. ಮುಂದೆ ಯಾರೋ ಆ ಸೊನ್ನೆಗಳನ್ನೆಲ್ಲ ಕೂಡಿಸಿ ಪ್ರಬಂಧ ಬರೆಯುತ್ತಾರೆ.

ಅಪ್ಪನನ್ನು ಹೊರಗೆ ಕಳಿಸಿದರೆ ಆಯ್ತಲ್ವಾ ಅಂತೀರಿ. ಕಳಿಸಲೇಬೇಕು. ಆದರೆ ಹೊರಗೆ ಕಳಿಸಿ ಮರೆತುಬಿಡುವ ಇಂಗ್ಲೆಂಡಿನ ಕ್ರಮವೂ ನನಗೆ ಒಪ್ಪಿಗೆಯಿಲ್ಲ. ಬಸ್ಸಿನಲ್ಲಿ ಕೂರಿಸಿಕೊಂಡು ಬಂದವರು ಅದೇ ಅಪ್ಪ, ಮಾತ್ರೆ ತಂದುಕೊಡುವವರೂ ಅವರೇ. ಮನೆಯವರು ಒಪ್ಪಿಕೊಂಡ ಟ್ರಾನ್ಸ್ ಮಕ್ಕಳಲ್ಲಿ ಖಿನ್ನತೆಯೂ ಆತ್ಮಹತ್ಯೆಯ ಯೋಚನೆಯೂ ಕಡಿಮೆ ಅನ್ನುವುದು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ. ಹಾಗಿದ್ದ ಮೇಲೆ ಅಪ್ಪನ ಜೊತೆ ಬೇರೆಯಾಗಿ ಕೂತು ಮಾತಾಡೋದು ಚಿಕಿತ್ಸೆಯ ಭಾಗವೇ. ಇಂಗ್ಲೆಂಡಿನ ಡಾಕ್ಟರ್ ಗುಟ್ಟು ಕಾಪಾಡುತ್ತಾರೆ, ಸಂತೋಷ. ಆದರೆ ಆ ಹುಡುಗಿ ಸಂಜೆ ಯಾವ ಮನೆಗೆ ಹೋಗುತ್ತಾಳೆ ಅಂತ ಕೇಳುವವರು ಕಡಿಮೆ.

ಇಂಗ್ಲೆಂಡಿನಲ್ಲಿ ಕಾಯಬೇಕಾದ ಬಾಗಿಲು ಬೇರೆ ಥರದ್ದು. ನಿಯಮದ ಪ್ರಕಾರ 18 ವಾರದೊಳಗೆ ತಜ್ಞರ ಚಿಕಿತ್ಸೆ ಶುರುವಾಗಬೇಕು. ಆದರೆ ಟ್ರಾನ್ಸ್ ಜನರಿಗೆಂದೇ ಇರುವ ಜೆಂಡರ್ ಕ್ಲಿನಿಕ್ಕುಗಳಲ್ಲಿ ಮೊದಲ ಭೇಟಿಗೇ ವರ್ಷಗಟ್ಟಲೆ ಕಾಯುವುದು ಮಾಮೂಲಿ. ಆ ನಡುವೆ ಖಿನ್ನತೆ ಅಂತ ಸ್ಥಳೀಯ ಮಾನಸಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ‘ಅದು ಜೆಂಡರ್ ಕ್ಲಿನಿಕ್ಕಿನವರು ನೋಡುವ ವಿಷಯ’ ಅನ್ನುವ ಉತ್ತರ ಬರುವುದುಂಟು. ಮಂಡಿ ನೋವು ಅಂದರೂ ಹಾರ್ಮೋನಿಂದ ಇರಬಹುದು ಅಂತಾರೆ ಅಂತ ಟ್ರಾನ್ಸ್ ಜನ ಅಲ್ಲಿ ತಮಾಷೆ ಮಾಡುತ್ತಾರೆ. ಅದು ತಮಾಷೆಯಷ್ಟೇ ಅಲ್ಲ. ಸಾಮಾನ್ಯ ಖಿನ್ನತೆಗೆ ಸಾಮಾನ್ಯ ಚಿಕಿತ್ಸೆ ಕೊಡೋಕೆ ಜೆಂಡರ್ ತಜ್ಞರೇ ಆಗಬೇಕಿಲ್ಲ.

ಕಾನೂನಿನ ವಿಷಯದಲ್ಲಿ ಮಾತ್ರ ನಮ್ಮ ಕಡೆಯವರು ಎದೆ ತಟ್ಟಿಕೊಳ್ಳಬಹುದಾದ ಕೆಲವು ಕಡತಗಳಿವೆ. ಬ್ರಿಟನ್ನಿನ 2004ರ ಕಾಯ್ದೆಯ ಮಾಮೂಲಿ ದಾರಿಯಲ್ಲಿ ಲಿಂಗತ್ವದ ಸರ್ಟಿಫಿಕೇಟ್ ಬೇಕೆಂದರೆ ರೋಗನಿರ್ಣಯದ ಪತ್ರ, ಎರಡು ವೈದ್ಯಕೀಯ ವರದಿ, ಎರಡು ವರ್ಷ ಹಾಗೆ ಬದುಕಿದ ಪುರಾವೆ ಕೊಡಬೇಕು. ಅದನ್ನೆಲ್ಲ ನೋಡಿ ತೀರ್ಮಾನ ಮಾಡುವ ಸಮಿತಿ ಸಾಮಾನ್ಯವಾಗಿ ಅರ್ಜಿದಾರರ ಮುಖವನ್ನೂ ನೋಡಿರುವುದಿಲ್ಲ. ಭಾರತದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವ ಅವರವರು ಹೇಳಿಕೊಂಡದ್ದೇ ಅಂತ ತೀರ್ಪು ಕೊಟ್ಟಿತು. 2020ರ ನಿಯಮಗಳು ಬಂದಾಗ ಟ್ರಾನ್ಸ್‌ಜೆಂಡರ್ ಗುರುತಿನ ಪತ್ರಕ್ಕೆ ವೈದ್ಯಕೀಯ ಪರೀಕ್ಷೆ ಬೇಡ, ಅಫಿಡವಿಟ್ ಸಾಕು ಅಂದವು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಸಮಾಜದ ರೀತಿ-ನೀತಿಗೆ ಹೊಂದಿಕೊಳ್ಳದ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನಬಾರದು ಅಂತ ಬರೆದೇ ಇಟ್ಟಿದೆ.

ಮದ್ರಾಸ್ ಹೈಕೋರ್ಟಿನ ಆನಂದ್ ವೆಂಕಟೇಶ್ ಅವರ 2021ರ ಆದೇಶವನ್ನು ನಾನು ಇಂಗ್ಲೆಂಡಿನ ಸಹೋದ್ಯೋಗಿಗಳಿಗೆ ಆಗಾಗ ಹೇಳುತ್ತಿರುತ್ತೇನೆ. ವಿಷಯ ತನಗೆ ಪೂರ್ತಿ ಅರ್ಥವಾಗಿಲ್ಲ ಅಂತ ಆ ನ್ಯಾಯಾಧೀಶರು ತಾವೇ ಮನಶ್ಶಾಸ್ತ್ರಜ್ಞರ ಎದುರು ಹೋಗಿ ಕೂತರು. ಆಮೇಲೆ ಇಂಥವರನ್ನು ‘ಸರಿ ಮಾಡುವ’ ಚಿಕಿತ್ಸೆಗೆ ತಡೆ ಹಾಕಿದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಅಂತ ಘೋಷಿಸಿತು. ಬ್ರಿಟನ್ ಸರ್ಕಾರ ಇಂಥ ಚಿಕಿತ್ಸೆಗೆ ಕಾನೂನಿನ ತಡೆ ತರುತ್ತೇನೆ ಅಂತ 2018ರಲ್ಲೇ ಮಾತು ಕೊಟ್ಟಿತ್ತು. ಅದು ವರ್ಷಗಟ್ಟಲೆ ಎಳೆದಾಡಿತು. ಹಾಗಂತ ನಮ್ಮಲ್ಲಿ ‘ಬುದ್ಧಿ ಹೇಳಿ’ ಅಂತ ಕರೆತರುವುದು ನಿಂತಿದೆಯಾ? ಆಪರೇಷನ್ನಿಗೆ ಮನೋವೈದ್ಯರ ಎರಡು ಪತ್ರ ತನ್ನಿ ಅನ್ನುವ ಸರ್ಜನ್‌ಗಳೂ ಇದ್ದಾರೆ. ಅಂತರರಾಷ್ಟ್ರೀಯ ಮಾರ್ಗಸೂಚಿ 2022ರಲ್ಲೇ ಒಂದು ಪತ್ರ ಸಾಕು ಅಂದಿದೆ.

ಸಂಶೋಧನೆಯಲ್ಲಿ ಮಾತ್ರ ಇಂಗ್ಲೆಂಡಿನಿಂದ ಕಲಿಯೋದು ಬಹಳ ಇದೆ. ಅಲ್ಲಿ ಸರ್ಕಾರದ ದುಡ್ಡಿನಲ್ಲಿ ಅಧ್ಯಯನ ಮಾಡಬೇಕೆಂದರೆ ಆ ತೊಂದರೆಯನ್ನು ಅನುಭವಿಸಿದವರನ್ನು ಶುರುವಿನಿಂದಲೇ ಸೇರಿಸಿಕೊಳ್ಳಬೇಕು. ಅವರ ಸಮಯಕ್ಕೆ ದುಡ್ಡೂ ಕೊಡುತ್ತಾರೆ. ನಾನಿದ್ದ ಒಂದು ಸಭೆಯಲ್ಲಿ ಟ್ರಾನ್ಸ್ ಪುರುಷರೊಬ್ಬರು ನಮ್ಮ ಪ್ರಶ್ನಾವಳಿ ತಿರುವಿ ಹಾಕಿ, ‘ಇದರಲ್ಲಿ ನನಗೆ ಏನಾಗಿದೆ ಅಂತ ಕೇಳಿದ್ದೀರಿ. ಯಾರು ಮಾಡಿದ್ದು ಅಂತ ಎಲ್ಲೂ ಕೇಳಿಲ್ಲ’ ಅಂದರು. ಪ್ರೊಫೆಸರ್ ಅಲ್ಲೇ ಎರಡು ಪುಟ ಹರಿದರು. ನಮ್ಮಲ್ಲಿ ಇಂಥವರು ಮೇಜಿನ ಈ ಕಡೆ ಕೂತು ಪ್ರೊಫೆಸರನ್ನು ಹಾಗೆ ತಿದ್ದಿದ್ದು ನಾನು ನೋಡಿಲ್ಲ.

ಆದರೆ ಎರಡೂ ಕಡೆ ಗೊತ್ತಿರುವುದು ತಮ್ಮ ಬಾಗಿಲಿಗೆ ಬಂದವರ ಬಗ್ಗೆ ಮಾತ್ರ. ಭಾರತದ ಅಧ್ಯಯನಗಳಲ್ಲಿ ಬಹುಪಾಲು ಎಚ್‌ಐವಿ ಕಾರ್ಯಕ್ರಮಗಳ ಮೂಲಕ ಸಿಕ್ಕ ಟ್ರಾನ್ಸ್ ಮಹಿಳೆಯರದ್ದು. ಟ್ರಾನ್ಸ್ ಪುರುಷರು ಅಲ್ಲಿ ಕಾಣಿಸುವುದೇ ಅಪರೂಪ. ಇಂಗ್ಲೆಂಡಿನದ್ದು ಕ್ಲಿನಿಕ್ಕಿನ ಸಾಲು ದಾಟಿ ಬಂದವರ ಲೆಕ್ಕ. ಸಾಲಿನಲ್ಲೇ ಉಳಿದವರದ್ದು ಯಾರ ಹತ್ತಿರವೂ ಇಲ್ಲ. ಜನಗಣತಿಯೂ ಅಷ್ಟೇ. ಭಾರತದ 2011ರ ಗಣತಿಯಲ್ಲಿ ‘ಇತರೆ’ ಅಂತ ಬರೆಸಿದವರು ಸುಮಾರು 4.88 ಲಕ್ಷ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಗಣತಿಯಲ್ಲಿ ಹುಟ್ಟಿನ ಲಿಂಗಕ್ಕೂ ತಮ್ಮ ಲಿಂಗತ್ವಕ್ಕೂ ಹೊಂದಿಕೆಯಿಲ್ಲ ಅಂದವರು 2.62 ಲಕ್ಷ. ಆಮೇಲೆ ಪ್ರಶ್ನೆ ಕೆಲವರಿಗೆ ಅರ್ಥವಾಗದೆ ತಪ್ಪು ಉತ್ತರ ಬಂದಿರಬಹುದು ಅಂತ ಅಲ್ಲಿನ ಅಂಕಿಅಂಶ ಇಲಾಖೆಯೇ ಆ ಲೆಕ್ಕದ ದರ್ಜೆ ಇಳಿಸಿತು.

ಔಷಧಿ ಪ್ರಯೋಗಗಳ ಕಥೆ ಇನ್ನೂ ಕಷ್ಟ. ಫಾರಂನಲ್ಲಿ ಗಂಡು, ಹೆಣ್ಣು, ಎರಡೇ ಖಾನೆ. ಟ್ರಾನ್ಸ್ ವ್ಯಕ್ತಿಯನ್ನು ಯಾವುದಕ್ಕೆ ಹಾಕಿದರೂ, ಗಂಡು-ಹೆಣ್ಣಿಗೆ ಬೇರೆ ಬೇರೆ ಇರುವ ಹಿಮೋಗ್ಲೋಬಿನ್ ಲೆಕ್ಕ, ಕಿಡ್ನಿ ಲೆಕ್ಕ ಅನುಮಾನಕ್ಕೆ ಬೀಳುತ್ತದೆ. ಈ ರಗಳೆ ಯಾಕೆ ಅಂತ ಟ್ರಾನ್ಸ್ ಜನರನ್ನು ಪ್ರಯೋಗದಿಂದ ಕೈಬಿಡುವವರೇ ಜಾಸ್ತಿ. ಕೈಬಿಟ್ಟರೆ ಆಗುವುದೇನು? ಟ್ರಾನ್ಸ್ ಮಹಿಳೆಯರು ತೆಗೆದುಕೊಳ್ಳುವ ಹೆಣ್ಣು ಹಾರ್ಮೋನು ಈಸ್ಟ್ರೋಜೆನ್‌ನಿಂದ, ರಕ್ತದಲ್ಲಿ ಲ್ಯಾಮೋಟ್ರಿಜಿನ್ ಅನ್ನುವ ಮನಸ್ಥಿತಿ ಹತೋಟಿಯ ಔಷಧಿಯ ಮಟ್ಟ ಇಳಿಯಬಹುದು. ಇದು ಗೊತ್ತಾದದ್ದು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುವ ಹೆಂಗಸರಿಂದ. ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಜೊತೆ, ಮನಸ್ಥಿತಿ ಹತೋಟಿಗೆ ಕೊಡುವ ಇನ್ನೊಂದು ಔಷಧಿ ಲಿಥಿಯಂ ಕೊಟ್ಟರೆ, ರಕ್ತದಲ್ಲಿ ಲಿಥಿಯಂ ಏರಬಹುದು. ಅದು ಏರಿದರೆ ವಿಷ. ಬೈಪೋಲಾರ್, ಅಂದರೆ ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ, ಇರುವ ಟ್ರಾನ್ಸ್ ಮಹಿಳೆಗೆ ಈ ನಾಲ್ಕೂ ಮಾತ್ರೆ ಬೇಕಾಗಬಹುದು. ಇತ್ತ ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ಗರ್ಭನಿರೋಧಕ ಮಾತ್ರೆ ತಂದು ನುಂಗುವವರು, ಅತ್ತ ಸಾಲಿನಲ್ಲಿ ಕಾದು ಸಾಕಾಗಿ ಇಂಟರ್ನೆಟ್ಟಿನಲ್ಲಿ ಹಾರ್ಮೋನು ತರಿಸುವವರು. ಬೈದುಬಿಟ್ಟಾರು ಅನ್ನುವ ಭಯಕ್ಕೆ ಇಬ್ಬರೂ ಡಾಕ್ಟರ ಮುಂದೆ ಅದನ್ನು ಹೇಳುವುದಿಲ್ಲ. ಪರೀಕ್ಷಕರ ಕುರ್ಚಿಯಲ್ಲಿ ಕೂತವರಿಗೆ ಯಾರು ತಾನೇ ನಿಜ ಹೇಳುತ್ತಾರೆ? ಇನ್ನೊಂದು ಪತ್ರ ತನ್ನಿ ಅನ್ನುವ ಬದಲು ಏನೇನು ಮಾತ್ರೆ ನುಂಗುತ್ತಿದ್ದೀರಿ ಅಂತ ಮೊದಲ ದಿನವೇ ಬೈಯದೆ ಕೇಳಿದರೆ, ಮುಂದಿನ ವಾರದ ರಕ್ತ ಪರೀಕ್ಷೆಯ ಚೀಟಿಯಲ್ಲಿ ಲಿಥಿಯಂ ಅಂತಲೂ ಬರೆಯಬಹುದು.